ತಂಡಕ್ಕೊಂದು ಪಟಕಾ

ಮೆಣಸಿನಕಾಯಿಯ ಘಾಟಿಗೆ ಜನ ಸೀನುತ್ತಾರೆ, ಕೆಮ್ಮುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಕಬಡ್ಡಿ ನೆನಪಾಗುತ್ತದೆ. ಹೋದ ತಿಂಗಳು ವರ್ಷದ ಖಾರಕ್ಕೆಂದು ಪುಣೆಯ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ಪ್ಯಾಕೆಟಿನ ಖಾರದ ಪುಡಿಯನ್ನು ನನ್ನ ಹೆಂಡತಿ ಹೊಸ್ತಿಲು ದಾಟಿಸುವವಳಲ್ಲ. ಬ್ಯಾಡಗಿ ಮೆಣಸಿನಕಾಯಿಯೇ ಆಗಬೇಕು, ಅದನ್ನು ನಾನೇ ಮುರಿದು, ಮೂಸಿ, ಬೀಜ ನೋಡಿ ತರಬೇಕು. ಚೀಲದೊಳಗೆ ಕೈ ಹಾಕಿದ್ದೇ ತಡ, ಆ ಹಳೆಯ ಘಾಟು ನೆತ್ತಿಗೇರಿತು. ಕಣ್ಣಲ್ಲಿ ನೀರು ಬಂತು. ಅಂಗಡಿಯ ಹುಡುಗ ಖಾರ ಜೋರಾಗಿದೆ ಎಂದು ಹಿಗ್ಗಿದ. ನಾನು ಅವನ ಸಂತೋಷ ಕೆಡಿಸಲಿಲ್ಲ.

ತೂಗಿಸಿದ ಚೀಲವನ್ನು ಅಲ್ಲೇ ಬಿಟ್ಟು ಬಿಬವೇವಾಡಿಯ ಏರಿನ ಕಡೆ ನಡೆದೆ. ನಮ್ಮ ಮೈದಾನ ಇದ್ದ ಜಾಗದಲ್ಲಿ ಈಗ ದೊಡ್ಡ ವಸತಿ ಸಮುಚ್ಚಯ. ಅಂಗಳದ ಅಡ್ಡಗೆರೆ ಎಲ್ಲಿ ಬರುತ್ತಿತ್ತು, ನಾನು ಎಲ್ಲಿ ನಿಂತು ಸೀಟಿ ಊದುತ್ತಿದ್ದೆ ಎಂದು ಅಂದಾಜು ಮಾಡುತ್ತ ಗೇಟಿನ ಮುಂದೆ ಅತ್ತಿಂದಿತ್ತ ಓಡಾಡಿದೆ. ಕಾವಲುಗಾರನಿಗೆ ಸಂಶಯ ಬಂದು, ಯಾರು ಬೇಕಾಗಿತ್ತು ಎಂದು ಮರಾಠಿಯಲ್ಲಿ ಕೇಳಿದ. ಯಾರೂ ಇಲ್ಲ ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಚುಚ್ಚಿತು.

ಅದು ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಮಾರ್ಕೆಟ್ ಯಾರ್ಡಿನ ಒಂದು ಮೆಣಸಿನಕಾಯಿ ಅಡತಿಯಲ್ಲಿ, ಅಂದರೆ ದಲಾಲಿ ಅಂಗಡಿಯಲ್ಲಿ, ಲೆಕ್ಕ ಬರೆಯುತ್ತಿದ್ದೆ. ಹಾಗೆ ಬರೆಯುವವನನ್ನು ಅಲ್ಲಿ ದಿವಾಣಜಿ ಎನ್ನುತ್ತಾರೆ. ನನ್ನ ಹೆಸರನ್ನು ಹೆಂಡತಿ ಬಿಟ್ಟರೆ ಎಲ್ಲರೂ ಮರೆತಿದ್ದರು, ಅವಳು ಹೇಗೂ ಕರೆಯುತ್ತಿರಲಿಲ್ಲ. ಅಡತಿಯ ಯಜಮಾನರು ಗುರುಲಿಂಗಪ್ಪ ಸಾವಕಾರರು. ವಿಜಾಪುರದ ಕಡೆಯವರು, ಕಬಡ್ಡಿ ಎಂದರೆ ಊಟ ಬಿಡುವವರು. ಚಳಿಗಾಲದ ಭಾನುವಾರಗಳಲ್ಲಿ ಪುಣೆಯ ನಮ್ಮ ಕನ್ನಡದ ಮಂದಿಯನ್ನು ಕೂಡಿಸಿ ಪಂದ್ಯ ನಡೆಸುತ್ತಿದ್ದರು. ನಾಲ್ಕು ತಂಡ: ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲರದು, ನಮ್ಮಂಥ ಅಂಗಡಿ ಗುಮಾಸ್ತರದು, ಕಾರ್ಖಾನೆಯವರದು, ಮತ್ತೆ ಮೇಲಿನ ಏರಿನಲ್ಲಿ ಫ್ಲಾಟು ಕಟ್ಟುತ್ತಿದ್ದ ಸೈಟಿನವರದು. ನಾನು ಪಂಚ, ಸೀಟಿ ಊದುವವನು. ಆಡಲು ಬಾರದವನಿಗೆ ತೀರ್ಪು ಹೇಳುವ ಕೆಲಸ ಕೊಡುವುದು ಎಲ್ಲ ಕಡೆಯೂ ಇರುವ ಪದ್ಧತಿ.

ಮೊದಲ ವರ್ಷ ಸಾವಕಾರರು ಉತ್ತಮ ಆಟಗಾರನಿಗೆಂದು ಬೆಳ್ಳಿ ಬಣ್ಣದ ಒಂದು ಕಪ್ಪು ತರಿಸಿದ್ದರು. ಕಪ್ಪು ಒಂದು, ತಂಡ ನಾಲ್ಕು, ಬಡಿದಾಟವೇ ಆಗಿಹೋಯಿತು. ಸಾವಕಾರರು ಕಪ್ಪನ್ನು ಮನೆಗೆ ಒಯ್ದು ಸಕ್ಕರೆ ಹಾಕಿಡಲು ಕೊಟ್ಟರು. ಮರುವರ್ಷ ನಾಲ್ಕು ಹಳದಿ ಪಟಕಾ ತಂದರು. ತಲೆಗೆ ಸುತ್ತುವ, ಜರಿಯಂಚಿನ ಉದ್ದನೆಯ ಬಟ್ಟೆ. "ತಂಡಕ್ಕ ಒಬ್ಬವ. ಯಾರನ್ನ ನೋಡಿದ್ರ ಇಡೀ ತಂಡ ಕಂಡಂಗ ಆಗ್ತದ, ಅವಗ ಸುತ್ತೂದು," ಎಂದು ಕಟ್ಟಳೆ ಮಾಡಿದರು. ಆರಿಸುವವರು ಆಯಾ ತಂಡದವರೇ. ಎಲ್ಲರೂ ಒಪ್ಪಬೇಕು. ಆದರೆ ಪಟಕಾ ಸುತ್ತುವ ಕೈ ತಮ್ಮದಾಗಬಾರದು. ಕೊನೆಯ ಆಟದಲ್ಲಿ ಎದುರು ನಿಂತ ತಂಡದ ಹಿರಿಯನೇ ಎದ್ದು ಬಂದು ಸುತ್ತಬೇಕು. ಇದೆಲ್ಲ ಆಗುವ ತನಕ ಯಾರಿಗೂ ಊಟವಿಲ್ಲ.

ಈ ಕಟ್ಟಳೆಯಲ್ಲಿ ಎಷ್ಟು ಜಾಣತನ ಇತ್ತೆಂದು ಆಮೇಲಾಮೇಲೆ ಗೊತ್ತಾಯಿತು. ಚೆನ್ನಾಗಿ ಆಡುವವನನ್ನು ಆರಿಸುವುದು ಸುಲಭ, ಕೂಸಿಗೂ ಬರುತ್ತದೆ. ತಮ್ಮಂತೆಯೇ ಇರುವವನನ್ನು ಆರಿಸಬೇಕೆಂದರೆ ತಾವು ಎಂಥವರೆಂದು ಒಪ್ಪಿಕೊಳ್ಳಬೇಕಲ್ಲ. ಕಾರ್ಖಾನೆಯವರು ಒಂದು ವರ್ಷ, ರಾತ್ರಿ ಪಾಳಿ ಮುಗಿಸಿ ಬಂದು ಗೆರೆಯ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದ ಒಬ್ಬನನ್ನು ಆರಿಸಿದರು; ಅವನನ್ನು ಎಬ್ಬಿಸಿ ಪಟಕಾ ಸುತ್ತಬೇಕಾಯಿತು. ನಮ್ಮ ಗುಮಾಸ್ತರ ತಂಡದಲ್ಲಿ ಪ್ರತಿಯೊಬ್ಬನೂ ತನ್ನನ್ನೇ ಆರಿಸಿಕೊಂಡು, ರೊಟ್ಟಿ ಆರಿ ಹಪ್ಪಳವಾಗುವ ತನಕ ಹಟ ಹಿಡಿದು ಕೂರುತ್ತಿದ್ದರು. ಕಡೆಗೆ, ಒಂದು ಅಂಕವನ್ನೂ ತರದೆ ನನ್ನ ಪ್ರತಿ ಸೀಟಿಗೂ ತಕರಾರು ತೆಗೆಯುತ್ತಿದ್ದ ಒಬ್ಬ ಮಹಾನುಭಾವನಿಗೆ ಪಟಕಾ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ತಂಡಕ್ಕೆ ಅವನಿಗಿಂತ ಒಪ್ಪುವವನು ಬೇರೆ ಇರಲಿಲ್ಲ.

ಹಮಾಲರದು ತಕರಾರಿಲ್ಲದ ಆಯ್ಕೆ, ಅವರ ಪಟಕಾ ಈರಪ್ಪನದು. ಸಿಂದಗಿ ಕಡೆಯವನು. ಬೆಲ್ಲದ ಮೂಟೆ ಹೊತ್ತು ಹೊತ್ತು ಅವನ ಕುತ್ತಿಗೆ ಹೆಗಲಿನೊಳಗೆ ಇಳಿದಿತ್ತು. ಎಡಮೂಲೆಯಲ್ಲಿ ಬಗ್ಗಿ ನಿಂತನೆಂದರೆ ದಾಳಿಗೆ ಬಂದವನ ಹಿಂಗಾಲು ಅವನದೇ. ಕಾಲು ಹಿಡಿದು ನಿಲ್ಲಿಸುವುದಕ್ಕೆ ಅಲ್ಲಿ ಪಕಡ್ ಎನ್ನುತ್ತಿದ್ದರು. ಈರಪ್ಪನ ಪಕಡ್‌ನಿಂದ ಬಿಡಿಸಿಕೊಂಡು ಗೆರೆ ಮುಟ್ಟಿದವರನ್ನು ನಾನು ಹೆಚ್ಚು ಕಂಡಿಲ್ಲ.

ಒಬ್ಬ ಇದ್ದ. ಸೈಟಿನವರ ತಂಡದ ಸಾಯಿಬಣ್ಣ. ಶಹಾಪುರದ ಹತ್ತಿರದ ಊರು, ಅಣ್ಣ ದೇವಪ್ಪನ ಜೊತೆ ಗೋಡೆಗೆ ಸಿಮೆಂಟು ಮೆತ್ತುವ ಗಿಲಾಯಿ ಕೆಲಸಕ್ಕೆ ಬಂದವನು. ದೇವಪ್ಪ ಮೊದಲೇ ಮಾತು ಕಡಿಮೆಯ ಮನುಷ್ಯ, ತಮ್ಮ ಆ ಕೊರತೆಯನ್ನೆಲ್ಲ ತುಂಬಿ ಕೊಡುತ್ತಿದ್ದ. ಎಲ್ಲರೂ ಗಂಟಲು ಹರಿಯುವ ಹಾಗೆ ಕಬಡ್ಡಿ ಕಬಡ್ಡಿ ಎಂದು ಕೂಗುತ್ತ ನುಗ್ಗಿದರೆ ಇವನು ಪಿಸುಗುಡುತ್ತ ಹೋಗುತ್ತಿದ್ದ. ಅವನ ಉಸಿರು ಮುರಿಯಿತೋ ಇಲ್ಲವೋ ತಿಳಿಯಲು ನಾನು ಅವನ ಬೆನ್ನ ಹಿಂದೆಯೇ ಬಗ್ಗಿ ಓಡಬೇಕಾಗುತ್ತಿತ್ತು. ನೋಡುವವರಿಗೆ ನಾನೇ ದಾಳಿಗೆ ಹೊರಟ ಹಾಗೆ ಕಂಡು ನಗುತ್ತಿದ್ದರು. ಬೇರೆ ಮೂಲೆಗಳು ಖಾಲಿ ಇದ್ದರೂ ಅವನು ಹೋಗುತ್ತಿದ್ದುದು ಈರಪ್ಪನ ಮೂಲೆಗೇ. ಊರು ಆಚೆಈಚೆ ಎಂಬ ನೆಪಕ್ಕೆ ಈರಪ್ಪನನ್ನು ಮಾವ ಎಂದು ಕರೆಯುತ್ತಿದ್ದ. ಗೆರೆ ದಾಟುವ ಮೊದಲು ನಿಂತು ಕೇಳುತ್ತಿದ್ದ:

"ಮಾವಾ, ಕಾಲು ಕೊಡ್ಲೇನು?"

"ಕೊಡಪ್ಪ, ಇಟ್ಕೊಂತೀನಿ," ಎನ್ನುತ್ತಿದ್ದ ಈರಪ್ಪ.

ಆ ಚಳಿಗಾಲ ಸಾಯಿಬಣ್ಣ ಹೇಗೆ ಆಡಿದನೆಂದರೆ, ಸೈಟಿನವರ ಪಟಕಾ ಈ ಸಲ ಯಾರಿಗೆಂದು ಯಾರೂ ಕೇಳುತ್ತಲೂ ಇರಲಿಲ್ಲ. ಅವನಂತೂ ಆಟ ಮುಗಿದ ಮೇಲೆ ಟವೆಲನ್ನು ಪಟಕಾದ ಹಾಗೆ ಸುತ್ತಿಕೊಂಡು ಚಹಾದ ಗಾಡಿಗೆ ಬರುತ್ತಿದ್ದ. ಇನ್ನೊಂದು ಮಾತೂ ಎಲ್ಲರಿಗೂ ಗೊತ್ತಿತ್ತು. ಕಟ್ಟಡದ ಕೆಲಸ ಮುಗಿಯುತ್ತ ಬಂದಿತ್ತು, ಸಂಕ್ರಾಂತಿ ಕಳೆದ ಮೇಲೆ ಕಂತ್ರಾಟುದಾರ ಅರ್ಧ ಮಂದಿಯನ್ನು ಭೋರಿಗೆ, ಅರ್ಧ ಮಂದಿಯನ್ನು ಇಂದಾಪುರಕ್ಕೆ ಕಳಿಸುವವನಿದ್ದ. ಆ ತಂಡಕ್ಕೆ ಅದೇ ಕೊನೆಯ ವರ್ಷ.

ಡಿಸೆಂಬರಿನ ಒಂದು ಭಾನುವಾರ ಹಮಾಲರಿಗೂ ಸೈಟಿನವರಿಗೂ ಆಟ. ಬೆಳಗಿನ ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು. ಸಾಯಿಬಣ್ಣ ಎಂದಿನಂತೆ ಕಾಲು ಕೊಡಲೇ ಎಂದು ಕೇಳಿ ಒಳಗೆ ಹೋದ. ಈರಪ್ಪನ ಎರಡೂ ಕೈ ಅವನ ಎಡಗಾಲಿನ ಹಿಮ್ಮಡಿಯ ಮೇಲೆ ಬಿಗಿದವು. ಸಾಯಿಬಣ್ಣ ನೆಲಕ್ಕೆ ಬಿದ್ದು, ಮೈ ತಿರುಚಿ, ಗೆರೆಯ ಕಡೆ ಕೈ ಚಾಚಿದ. ಇನ್ನೊಂದು ಗೇಣಿದ್ದರೆ ಮುಟ್ಟುತ್ತಿದ್ದ. ನಾನು ಬಗ್ಗಿ ನೋಡಿದೆ. ಪಕಡ್ ಶುದ್ಧವಾಗಿತ್ತು. ಸೀಟಿ ಊದಿದೆ.

ಅವನು ನಗುತ್ತಲೇ ಎದ್ದ, ಎದ್ದವನು ಕುಂಟಿದ. ಈರಪ್ಪ ಅವನನ್ನು ಮೂಟೆಯ ಹಾಗೆ ಬೆನ್ನ ಮೇಲೆ ಹಾಕಿಕೊಂಡು ನಲ್ಲಿಯ ಹತ್ತಿರ ಒಯ್ದು ಕಾಲಿಗೆ ನೀರು ಬಿಟ್ಟ. ಯಾರದೋ ಮನೆಯಿಂದ ಅರಿಸಿನ, ಸುಣ್ಣ ತರಿಸಿ ಹಚ್ಚಿದರು.

"ನಾಳೆ ಕೆಲಸಕ್ಕ ಹೋಗಬ್ಯಾಡ," ಎಂದ ಈರಪ್ಪ.

"ಹೋಗಲಿಲ್ಲಾಂದ್ರ ಹಾಜರಿ ರೊಕ್ಕ ನೀ ಕೊಡ್ತಿಯೇನ್ ಮಾವ?" ಎಂದು ಸಾಯಿಬಣ್ಣ ನಕ್ಕ.

ಮರುದಿನ ಮಧ್ಯಾಹ್ನ ಅವನು ಮೂರನೆಯ ಮಹಡಿಯ ಹೊರಗೋಡೆಗೆ ಕಟ್ಟಿದ ಬಿದಿರಿನ ಅಟ್ಟಣಿಗೆಯಿಂದ ಬಿದ್ದ. ಹಲಗೆ ಸರಿಯಿತೋ, ಸಿಮೆಂಟಿನ ನೀರಿಗೆ ಜಾರಿದನೋ, ಬಾತುಕೊಂಡಿದ್ದ ಕಾಲು ಸೋತಿತೋ, ಯಾರೂ ನೋಡಲಿಲ್ಲ. ದೇವಪ್ಪ ಅದೇ ಮಹಡಿಯಲ್ಲಿ ಒಳಗೋಡೆಗೆ ಗಿಲಾಯಿ ಮಾಡುತ್ತಿದ್ದ. ಸದ್ದು ಕೇಳಿ ಹೊರಗೆ ಬಂದಾಗ ಅಟ್ಟಣಿಗೆಯ ಮೇಲೆ ತಮ್ಮನ ಕರಣಿ ಮಾತ್ರ ಇತ್ತಂತೆ. ಆಸ್ಪತ್ರೆಯ ಕೆಲಸ ಮುಗಿದ ಕೂಡಲೇ ಟೆಂಪೋ ಮಾಡಿಕೊಂಡು ಹೆಣವನ್ನು ಊರಿಗೆ ಒಯ್ದರು, ತಂಡದವರೆಲ್ಲ ಅದೇ ಟೆಂಪೋದಲ್ಲಿ ಹೋದರು. ಸುದ್ದಿ ಕೇಳಿ ಈರಪ್ಪ ಬೆನ್ನ ಮೇಲಿನ ಗೋಣಿತಟ್ಟಿನ ಸಮೇತ ಆಸ್ಪತ್ರೆಗೆ ಓಡಿದ್ದ. ಅವನು ಮುಟ್ಟುವಷ್ಟರಲ್ಲಿ ಟೆಂಪೋ ಹೋಗಿಬಿಟ್ಟಿತ್ತು.

ಆ ಸಾವನ್ನು ನಾನು ಇವತ್ತಿಗೂ ಒಪ್ಪಿಕೊಂಡಿಲ್ಲ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಅಂಥ ಹುಡುಗನನ್ನು ಒಯ್ಯಲು ದೇವರಿಗೆ ಯಾವ ಅವಸರವಿತ್ತೆಂದು ದೇವರ ಕೋಣೆಯಲ್ಲೇ ನಿಂತು ಬೈದಿದ್ದೇನೆ.

ಈರಪ್ಪ ಮರುದಿನ ಯಾರ್ಡಿಗೆ ಬಂದ. ನಮ್ಮ ಅಂಗಡಿಯ ಮೂಟೆ ಇಳಿಸಿ, ನನ್ನ ಮುಂದೆ ಬಂದು ನಿಂತ.

"ದಿವಾಣಜಿ, ಪಕಡ್ ಸರಿ ಇತ್ತಲ್ರಿ?"

"ಸರಿ ಇತ್ತು ಈರಪ್ಪ. ತಪ್ಪಿದ್ರ ನಾ ಬಿಡತಿದ್ನೇನು?"

"ಹೌದ್ರಿ," ಎಂದು ಹೋದ. ಅದರ ಮರುದಿನ ಮತ್ತೆ ಬಂದು ಅದನ್ನೇ ಕೇಳಿದ. ಅದರ ಮರುದಿನವೂ ಕೇಳಿದ. ಹೊಸ ಬೆಲ್ಲದ ಹಂಗಾಮು ಶುರುವಾಗಿ ಯಾರ್ಡಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ದಿನಗಳು ಅವು. ಗಿರಾಕಿಗಳ ನಡುವೆ, ತಕ್ಕಡಿಯ ಪಕ್ಕದಲ್ಲಿ, ಲಾರಿಯ ಹಿಂದೆ, ಎಲ್ಲಿ ಸಿಕ್ಕರೂ ಅದೇ ಪ್ರಶ್ನೆ. ನಾನು ಪಂಚನ ಗತ್ತಿನಲ್ಲಿ, ಕೈ ಎಲ್ಲಿತ್ತು, ಕಾಲು ಎಲ್ಲಿತ್ತು, ನಿಯಮ ಏನು ಹೇಳುತ್ತದೆ ಎಂದೆಲ್ಲ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿ ಕೇಳುತ್ತಿದ್ದ. ಭಾನುವಾರ ಆಟಕ್ಕೆ ಬರುವುದನ್ನು ನಿಲ್ಲಿಸಿದ. ಒಂದು ದಿನ ರೋಸಿಹೋಗಿ ಮನೆಯಲ್ಲಿ ಹೆಂಡತಿಯ ಮುಂದೆ ಈ ಮಾತು ತೆಗೆದೆ. ಹೇಳಿದ್ದನ್ನೇ ಎಷ್ಟು ಸಲ ಹೇಳುವುದು, ಇವನಿಗೆ ತಲೆ ಕೆಟ್ಟಿದೆ ಎಂದೆ.

ಅವಳು ರೊಟ್ಟಿ ತಟ್ಟುತ್ತಿದ್ದಳು. "ಅವರು ಕೇಳೂದು ಆಟದ ಮಾತಲ್ರಿ," ಎಂದಳು. "ನೀವು ಎಷ್ಟ್ ಹೇಳಿದ್ರೂ ಅವರಿಗಿ ಸಾಲಂಗಿಲ್ಲ. ಯಾರ್ ಹೇಳಬೇಕೋ ಅವರು ಹೇಳಬೇಕು."

ಯಾರು ಹೇಳಬೇಕೆಂದು ಮರುದಿನ ನಾನೇ ಈರಪ್ಪನನ್ನು ಕೇಳಿದೆ. ಅವನಿಗೆ ಯೋಚಿಸುವ ಅಗತ್ಯವಿರಲಿಲ್ಲ.

"ದೇವಪ್ಪ ಹೇಳಬೇಕ್ರಿ. 'ಈರಪ್ಪ, ನಿನ್ನ ಕೈಲಿಂದ ಆಗಿಲ್ಲ' ಅಂತ ಒಂದ ಮಾತು. ಅವ ಅಂದ್ರ ನನಗ ನಿದ್ದಿ ಬರ್ತದ. ಅನ್ನಲಿಲ್ಲಾಂದ್ರ ಈ ಕೈ ತಗೊಂಡು ನಾ ಏನ್ ಮಾಡ್ಲಿ, ನೀವ ಹೇಳ್ರಿ." ಎರಡೂ ಕೈಯನ್ನು ನನ್ನ ಮುಂದೆ ಚಾಚಿದ. ಮೂಟೆಯ ಹಗ್ಗ ಉಜ್ಜಿ ಉಜ್ಜಿ ಅಂಗೈ ಗೆರೆಗಳೇ ಅಳಿಸಿಹೋಗಿದ್ದವು.

ತಮ್ಮನ ದಿನಕರ್ಮ ಮುಗಿಸಿ ದೇವಪ್ಪ ಮತ್ತು ಅವನ ಮಂದಿ ಸಂಕ್ರಾಂತಿಯ ಹೊತ್ತಿಗೆ ವಾಪಸು ಬಂದರು. ಉಳಿದ ಕೆಲಸ ಮುಗಿಸಿಕೊಡಬೇಕಿತ್ತಲ್ಲ; ಹಾಲು ಕುಡಿದ ಮಕ್ಕಳೇ ಬದುಕದ ಈ ಲೋಕದಲ್ಲಿ ಗಿಲಾಯಿ ಮಾತ್ರ ನಿಲ್ಲುವಂತಿಲ್ಲ. ದೇವಪ್ಪ ಒಂದು ಸಂಜೆ ಅಂಗಡಿಗೆ ಬಂದ. ಮುಖ ಸೀಳಿದ ಕಟ್ಟಿಗೆಯಂತಾಗಿತ್ತು. ಅವನು ಊರಿನಲ್ಲೂ ಅತ್ತಿಲ್ಲ, ಇಲ್ಲೂ ಅತ್ತಿಲ್ಲ ಎಂದು ಅವನ ಮಂದಿಯೇ ಹೆದರಿಕೆಯಿಂದ ಹೇಳುತ್ತಿದ್ದರು.

"ಕಡೀ ಆಟ ಆಡೇ ಹೋಗ್ತೀವ್ರಿ ದಿವಾಣಜಿ," ಎಂದ. "ಆರು ಮಂದೀನ ಆಡ್ತೀವಿ. ಅವನ ಜಾಗಾದಾಗ ಯಾರನ್ನೂ ನಿಲ್ಲಸೂದಿಲ್ಲ."

ನಿಯಮದಲ್ಲಿ ಅವಕಾಶವಿದೆ ಎಂದೆ. ಕೊನೆಯ ಆಟ ಹಮಾಲರ ಮೇಲೆಯೇ ಬಂದಿದೆ ಎಂದೂ ಹೇಳಿದೆ. ಆಮೇಲೆ ಧೈರ್ಯ ಮಾಡಿ, "ಈರಪ್ಪ ನಿನ್ನ ಕಾಣಬೇಕು ಅಂತಾನ," ಎಂದೆ.

ಅವನು ಮೆಣಸಿನಕಾಯಿಯ ರಾಶಿಯ ಕಡೆ ನೋಡುತ್ತ ನಿಂತ. "ಆಟದಾಗ ಕಾಣ್ತಾನಲ್ರಿ," ಎಂದು ಹೊರಟುಹೋದ. ಆ ಮಾತನ್ನು ಹೇಗೆ ತೆಗೆದುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ಕೊನೆಯ ಭಾನುವಾರ ಸಂಜೆಯ ಹೊತ್ತು ಆಟ. ಮೈದಾನದ ತುಂಬ ಮಂದಿ, ಆದರೆ ಗದ್ದಲವಿರಲಿಲ್ಲ. ಮರುದಿನ ಬೆಳಿಗ್ಗೆಯೇ ಸೈಟಿನವರನ್ನು ಒಯ್ಯಲು ಟ್ರಕ್ಕು ಬರುತ್ತದೆಂದು ಎಲ್ಲರಿಗೂ ತಿಳಿದಿತ್ತು. ಈರಪ್ಪ ಬಂದಿದ್ದ, ಗೆರೆಯಾಚೆ ಮಂದಿಯ ನಡುವೆ ನಿಂತಿದ್ದ. ಹಮಾಲರು ಬೇರೆ ಒಬ್ಬನನ್ನು ಎಡಮೂಲೆಗೆ ನಿಲ್ಲಿಸಿಕೊಂಡಿದ್ದರು. ನಾನು ಸೀಟಿ ಬಾಯಿಗೆ ಇಡುವಷ್ಟರಲ್ಲಿ ದೇವಪ್ಪ ಕೈ ಎತ್ತಿದ.

"ಈರಪ್ಪ ಇಲ್ದ ನಾವು ಆಡೂದಿಲ್ಲ."

ಮಂದಿ ದಾರಿ ಬಿಟ್ಟರು. ಈರಪ್ಪ ಒಳಗೆ ಬಂದು ತನ್ನ ಮೂಲೆಯಲ್ಲಿ ನಿಂತ. ಆಟ ಶುರುವಾಯಿತು. ಆಟವೆಂದರೆ ಹೆಸರಿಗೆ. ಸೈಟಿನವರು ಕೈಗೆ ಕೈ ಕೂಡಿಸಿ ಸರಪಳಿ ಹಿಡಿಯುವಾಗ ಸಾಯಿಬಣ್ಣನ ಜಾಗವನ್ನು ಖಾಲಿ ಬಿಟ್ಟು, ಅದರ ಎರಡು ಪಕ್ಕದವರು ಕೈ ಚಾಚಿ ನಿಲ್ಲುತ್ತಿದ್ದರು. ಹಮಾಲರು ಆ ಖಾಲಿ ಜಾಗದೊಳಗೆ ಕಾಲಿಡಲು ಹಿಂಜರಿಯುತ್ತಿದ್ದರು. ಈರಪ್ಪನಂತೂ ತನ್ನ ಮೂಲೆಗೆ ಬಂದವರನ್ನೆಲ್ಲ ಬಿಟ್ಟುಕೊಟ್ಟ.

ಕೊನೆಯ ಹೊತ್ತಿಗೆ ದೇವಪ್ಪ ತಾನೇ ದಾಳಿಗೆ ಹೊರಟ. ಅವನು ಹಿಡಿಯುವ ಆಳು, ಅವನು ಗೆರೆ ದಾಟಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಕಬಡ್ಡಿ ಕಬಡ್ಡಿ ಎನ್ನುತ್ತ, ಅತ್ತ ಇತ್ತ ನೋಡದೆ, ನೇರವಾಗಿ ಈರಪ್ಪನ ಮುಂದೆ ಹೋಗಿ ನಿಂತ. ನಿಂತು, ಎಡಗಾಲನ್ನು ಮುಂದೆ ಇಟ್ಟ.

ನಾನು ಪಕ್ಕದಲ್ಲೇ ಇದ್ದೆ. ದೇವಪ್ಪನಿಗೆ ಬೇರೆ ಮಾತಾಡಲು ಬರುವಂತಿರಲಿಲ್ಲ. ಒಂದು ಶಬ್ದ ಬೇರೆ ಬಂದರೂ ಉಸಿರು ಮುರಿದ ಹಾಗೆ, ಔಟು. ಅದಕ್ಕೇ ಅವನು ಕಬಡ್ಡಿ ಕಬಡ್ಡಿ ಎನ್ನುತ್ತಲೇ ಕಣ್ಣಿನಿಂದ ಕಾಲಿನ ಕಡೆ ತೋರಿಸಿದ. ಹಿಡಿ ಎನ್ನುತ್ತಿದ್ದಾನೆಂದು ಮೈದಾನಕ್ಕೆಲ್ಲ ತಿಳಿಯಿತು. ಈರಪ್ಪ ಬಗ್ಗಿ ನಿಂತಿದ್ದ. ಅವನ ಕೈ ಮೊಣಕಾಲಿನ ಮೇಲಿದ್ದವು, ಬೆರಳು ಮಾತ್ರ ಅಲುಗುತ್ತಿದ್ದವು. ಕೈ ಏಳಲಿಲ್ಲ. ದೇವಪ್ಪನ ಕುತ್ತಿಗೆಯ ನರ ಉಬ್ಬಿ, ದನಿ ಸಣ್ಣದಾಗುತ್ತ ಬಂತು. ಕಾಲನ್ನು ಇನ್ನೊಂದು ಗೇಣು ಮುಂದೆ ಸರಿಸಿದ. ಈರಪ್ಪನ ಕಣ್ಣಿಂದ ನೀರು ಅದೇ ಕಾಲಿನ ಮೇಲೆ ಬಿತ್ತು, ಕೈ ಆಗಲೂ ಏಳಲಿಲ್ಲ. ದೇವಪ್ಪನ ಉಸಿರು ಮುರಿಯಿತು.

ನಿಯಮದಂತೆ ಅವನು ಔಟು. ನಾನು ಸೀಟಿ ಊದಿದೆ. ಅಷ್ಟು ಸರಿ ಇದ್ದೂ ಅಷ್ಟು ಹೇಸಿಗೆ ಹುಟ್ಟಿಸಿದ ಸೀಟಿಯನ್ನು ನಾನು ಇನ್ನೊಮ್ಮೆ ಊದಿಲ್ಲ.

"ಹಿಡೀಬೇಕಿತ್ತು ಈರಪ್ಪ," ಎಂದು ದೇವಪ್ಪ ಹೊರಗೆ ನಡೆದ.

ಹೊತ್ತು ಮುಳುಗುವಾಗ ಎಲ್ಲರೂ ಮೈದಾನದಲ್ಲಿ ಗುಂಡಾಗಿ ಕುಳಿತರು. ಒಂದು ಕಡೆ ಬುಟ್ಟಿಗಳಲ್ಲಿ ರೊಟ್ಟಿ, ಪಾತೇಲಿಯಲ್ಲಿ ಕಡಲೆಹಿಟ್ಟಿನ ಝುಣಕಾ. ಸಾವಕಾರರ ತೊಡೆಯ ಮೇಲೆ ನಾಲ್ಕು ಹಳದಿ ಪಟಕಾ. ಜಗಳಗಂಟ ಗುಮಾಸ್ತರು ಅವತ್ತು ತಕರಾರಿಲ್ಲದೆ ಒಬ್ಬನ ಹೆಸರು ಹೇಳಿದರು. ಕಾರ್ಖಾನೆಯವರೂ ಹೇಳಿದರು. ಆ ಎರಡು ಪಟಕಾ ಸುತ್ತಿದ್ದಾಯಿತು. ಸೈಟಿನವರ ಸರದಿ ಬಂದಾಗ ಸಾವಕಾರರು ತಾವೇ ಎದ್ದರು. ಈ ಮಾತನ್ನು ನಾನೂ ಅವರೂ ಮೊದಲೇ ಮಾತಾಡಿಕೊಂಡಿದ್ದೆವು. ಬಹಳ ಒಳ್ಳೆಯ ಯೋಚನೆ ಎಂದು ಇಬ್ಬರೂ ಕಣ್ಣು ಒದ್ದೆ ಮಾಡಿಕೊಂಡಿದ್ದೆವು.

"ದೇವಪ್ಪ, ನಿಮ್ಮ ತಂಡದ ಪಟಕಾ ಈ ವರ್ಷ ಸಾಯಿಬಣ್ಣಂದ," ಎಂದರು ಸಾವಕಾರರು. "ಅವ ಇಲ್ಲ. ಅವನ ಹೆಸರಿಲೆ ನೀ ಸುತ್ತಿಸ್ಕೋ. ಊರಿಗಿ ಒಯ್ದು ಅವನ ಫೋಟೋಕ್ಕ ಏರಸು."

ದೇವಪ್ಪ ಕುಳಿತಲ್ಲಿಂದ ಏಳಲಿಲ್ಲ. "ಬ್ಯಾಡ್ರಿ ಸಾವಕಾರ್ರ," ಎಂದ. "ಅವಗ ಪಟಕಾ ಸುತ್ತಿ ಆಗ್ಯಾದ. ಊರಾಗ, ಕಟ್ಟಿ ಮ್ಯಾಲ ಕುಂದ್ರಿಸಿ. ನಾನ ಸುತ್ತೀನಿ. ಇನ್ನೊಂದು ಯಾಕ್ರಿ ಅವಗ?"

ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗಂಡಸಾದರೆ ತಲೆಗೆ ಪಟಕಾ ಸುತ್ತಿ, ಕುಳ್ಳಿರಿಸಿಯೇ ಮಣ್ಣಿಗೆ ಒಯ್ಯುತ್ತಾರೆ. ನನ್ನ ತಂದೆಗೂ ಹಾಗೆಯೇ ಮಾಡಿದ್ದೆವು. ಸಾವಕಾರರ ತಂದೆಗೂ ಹಾಗೆಯೇ ಆಗಿರಬೇಕು. ಪುಣೆಯಲ್ಲಿ ಇದ್ದು ಇದ್ದು, ಪಟಕಾ ಎಂದರೆ ಬರೀ ಮರ್ಯಾದೆಯ ಬಟ್ಟೆ ಎಂದುಕೊಂಡು ಇಬ್ಬರೂ ಮರೆತಿದ್ದೆವು. ಸಾವಕಾರರು ನಿಂತಲ್ಲೇ ಕುಸಿದ ಹಾಗೆ ಕುಳಿತರು. ಸೈಟಿನವರು ಬೇರೆ ಹೆಸರು ಹೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಆ ಪಟಕಾ ಮಡಿಕೆ ಬಿಚ್ಚದೆ ಹಾಗೆಯೇ ಉಳಿಯಿತು.

ಉಳಿದದ್ದು ಹಮಾಲರ ಸರದಿ. ಅವರಲ್ಲಿ ಹಿರಿಯನಾದ ಸಿದ್ರಾಮ ಗಂಟಲು ಸರಿಮಾಡಿಕೊಂಡ. "ನಮ್ಮವ ಈರಪ್ಪನ," ಎಂದ.

ಈರಪ್ಪ ತಟಕ್ಕನೆ ಎದ್ದು ನಿಂತ. "ನನಗ ಬ್ಯಾಡ. ಒಬ್ಬರನ್ನೂ ಹಿಡಿದಿಲ್ಲ ನಾನು."

"ನಾವು ಯಾರ್ ಹಿಡಿದೀವಿ?" ಎಂದ ಸಿದ್ರಾಮ. "ಇವತ್ತ ನಮ್ಮೊಳಗ ಒಬ್ಬಂದೂ ಕೈ ಎದ್ದಿಲ್ಲ. ನಿನ್ನ ನೋಡಿದ್ರ ನಾವೆಲ್ಲ ಕಂಡಂಗ ಅದ. ಕುಂದ್ರು."

ಅವನು ಕುಳಿತುಕೊಳ್ಳಲಿಲ್ಲ, ಹೋಗಲೂ ಇಲ್ಲ. ಆಗ ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಸುತ್ತಬೇಕಾದವನು ಎದುರು ತಂಡದ ಹಿರಿಯ. ಎದುರು ತಂಡ ಸೈಟಿನವರದು, ಅಲ್ಲಿ ಹಿರಿಯ ದೇವಪ್ಪ. ಕಟ್ಟಳೆಯನ್ನು ಅವತ್ತಿನ ಮಟ್ಟಿಗೆ ಬಿಡೋಣ ಎಂದು ಸಾವಕಾರರು ಬಾಯಿ ತೆರೆದರು. ಅಷ್ಟರಲ್ಲಿ ದೇವಪ್ಪ ಎದ್ದು ಬಂದು ಅವರ ತೊಡೆಯ ಮೇಲಿಂದ ಒಂದು ಪಟಕಾ ಎತ್ತಿಕೊಂಡಿದ್ದ. ಈರಪ್ಪನ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದ. ಬಟ್ಟೆ ಬಿಡಿಸಿ ಅದರ ಒಂದು ತುದಿಯನ್ನು ನನಗೆ ಕೊಟ್ಟ.

"ಬಿಗಿ ಹಿಡೀರಿ ದಿವಾಣಜಿ."

ಹಿಡಿದು ನಿಂತೆ. ಅದಕ್ಕೇ ಅವರಿಬ್ಬರು ಆಡಿದ ಮಾತು ನನಗೆ ಕೇಳಿಸಿತು, ಬೇರೆ ಯಾರಿಗೂ ಕೇಳಿಸಿರಲಾರದು. ಮೊದಲ ಸುತ್ತು ಹಾಕುವಾಗ ಈರಪ್ಪ ತಲೆ ಎತ್ತದೆ ಕೇಳಿದ: "ದೇವಪ್ಪ, ನನ್ನ ಕೈಲಿಂದ ಆತೇನೋ?"

ದೇವಪ್ಪನ ಕೈ ನಿಂತಿತು. "ನಾ ಒಳಗ ಇದ್ದೆ ಈರಪ್ಪ," ಎಂದ. "ನಾ ನೋಡಿಲ್ಲ. ನೋಡಲಾರದ್ದು ಹ್ಯಾಂಗ ಹೇಳ್ಲಿ?"

ಈರಪ್ಪನ ಮೈ ನಡುಗತೊಡಗಿತು. ತಲೆ ಅಲುಗಿ ಸುತ್ತು ಜಾರಿ ಕಿವಿಯ ಮೇಲೆ ಬಂತು. ದೇವಪ್ಪ ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಿದ. ಮತ್ತೆ ಜಾರಿತು. ಆಗ ಅವನು ಈರಪ್ಪನ ನೆತ್ತಿಯ ಮೇಲೆ ಅಂಗೈ ಇಟ್ಟು, ಕೂಸಿಗೆ ಹೇಳುವ ದನಿಯಲ್ಲಿ ಹೇಳಿದ:

"ಅಲಗಬ್ಯಾಡೋ. ಅವ ಅಲಗಿರಲಿಲ್ಲ. ಅವಗ ಸುತ್ತೂದು ಭಾಳ ಹಗುರಾಗಿತ್ತು."

ಈರಪ್ಪ ಉಸಿರು ಬಿಗಿಹಿಡಿದು ಕುಳಿತ. ದೇವಪ್ಪ ಒಂದೊಂದೇ ಸುತ್ತು ಎಳೆದು ಕೂರಿಸಿ, ಕಡೆಯ ತುದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಸಿಕ್ಕಿಸಿದ. ನೆಟ್ಟಗೆ ಬಂದಿದೆಯೇ ಎಂದು ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ನೋಡುತ್ತ ನಿಂತವನು ಹಾಗೆಯೇ ನೆಲಕ್ಕೆ ಕುಸಿದು, ತಮ್ಮ ಸತ್ತ ಮೇಲೆ ಮೊದಲ ಸಲ, ದನಿ ತೆಗೆದು ಅತ್ತ. ಅಷ್ಟು ಮಂದಿಯಲ್ಲಿ ಒಬ್ಬರೂ ಹತ್ತಿರ ಹೋಗಲಿಲ್ಲ. ಈರಪ್ಪನೇ ಕುಳಿತಲ್ಲಿಂದ ಸರಿದು ಅವನನ್ನು ಎರಡೂ ತೋಳಲ್ಲಿ ಹಿಡಿದುಕೊಂಡ.

ಬೆಳಿಗ್ಗೆ ಟ್ರಕ್ಕು ಬಂದಾಗ ಸೈಟಿನವರ ಗಂಟುಮೂಟೆ, ಪಾತ್ರೆ, ಕಬ್ಬಿಣದ ಬುಟ್ಟಿ ಎಲ್ಲವನ್ನೂ ಈರಪ್ಪ ಒಬ್ಬನೇ ಹೊತ್ತು ಏರಿಸಿದ, ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಏರಿಸಿದ ಮೇಲೆ ದೇವಪ್ಪನ ಮುಂದೆ ಹೋಗಿ ನಿಂತ. ಏನನ್ನು ಕಾಯುತ್ತಿದ್ದಾನೆಂದು ನನಗೂ ಗೊತ್ತಿತ್ತು, ದೇವಪ್ಪನಿಗೂ ಗೊತ್ತಿತ್ತು. ಸುಳ್ಳಾದರೂ ಸರಿ ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ದೇವಪ್ಪ ಬಾಯಿ ತೆರೆದ, ಮುಚ್ಚಿದ, ಈರಪ್ಪನ ಎರಡೂ ಕೈ ಹಿಡಿದು ಒಮ್ಮೆ ತನ್ನ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಟ್ರಕ್ಕು ಹತ್ತಿದ. ಅದು ಏರು ಇಳಿದು ಮರೆಯಾದ ಮೇಲೂ ಈರಪ್ಪ ಬಹಳ ಹೊತ್ತು ಅಲ್ಲೇ ನಿಂತಿದ್ದ, ಆ ಒದ್ದೆ ಕೈಗಳನ್ನು ಒರೆಸಿಕೊಳ್ಳದೆ.